ಗುರುವಾರದ ಕ್ಯಾಲಿಬ್ರೇಷನ್

ಟೆಸ್ಟ್ ರೂಮಿನ ಮೆಷಿನ್ನಿಗೆ ಚಿಕ್ಕಪ್ಪ ಒಂದು ರಟ್ಟಿನ ತುಂಡು ತೂಗುಹಾಕುತ್ತಿದ್ದರು. ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದು ತೂಗುತ್ತಿದ್ದರೆ ಕಾರ್ಖಾನೆಯ ಮ್ಯಾನೇಜರ್ ಕೂಡ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ. ಆದರೆ ರಟ್ಟು ಕಾಣುವುದು ಎದುರಿಗೆ ನಿಂತವರಿಗೆ ತಾನೇ? ಎರಡು ಮಹಡಿ ಮೇಲೆ ಕೂತು ಕಂಪ್ಯೂಟರಿನಿಂದಲೇ ಕೆಳಗಿನ ಮೆಷಿನ್ನನ್ನು ಕುಣಿಸುವವರಿಗೆ ಯಾವ ರಟ್ಟು, ಯಾವ ಬರಹ. ಹಾಗೆ ಕುಣಿಸುತ್ತಿದ್ದವಳು ಬೇರೆ ಯಾರೂ ಅಲ್ಲ, ಅವರ ಅಣ್ಣನ ಮಗಳೇ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಎಂಜಿನಿಯರಾಗಿ, ಇಪ್ಪತ್ತೆಂಟು ತುಂಬಿದ ಮೇಲೂ ಗುಬ್ಬಿಯೇ.

ರೇಡಿಯೋ ಸೆಟ್ಟುಗಳ ಒಳಗೆ ಕೂರುವ ಬೆರಳುದ್ದದ ಫಿಲ್ಟರುಗಳನ್ನು ಮಾಡುವ ಕಾರ್ಖಾನೆ ಅದು. ಬೇಕಾದ ಅಲೆಯನ್ನು ಬಿಟ್ಟು ಬೇಡದ್ದನ್ನು ತಡೆಯುವುದು ಫಿಲ್ಟರಿನ ಕೆಲಸ. ಅದು ಎಷ್ಟು ಬಿಟ್ಟಿತು, ಎಷ್ಟು ನುಂಗಿತು ಎಂದು ಅಳೆಯುವುದು ಮೆಷಿನ್ನಿನ ಕೆಲಸ. ನೆಟ್‌ವರ್ಕ್ ಅನಲೈಸರ್ ಎಂದು ಅದರ ಪೂರ್ತಿ ಹೆಸರು. ಇಡೀ ಕಾರ್ಖಾನೆಗೆ ಅದೊಂದೇ ಆದ್ದರಿಂದ ಎಲ್ಲರ ಬಾಯಲ್ಲೂ ಬರೀ ಮೆಷಿನ್. ತಾಪತ್ರಯ ಏನೆಂದರೆ, ಅಳೆಯಲು ಸಿಕ್ಕಿಸುವ ಕೇಬಲ್ ಕೂಡ ಒಂದಿಷ್ಟು ನುಂಗುತ್ತದೆ. ಅಂಗಡಿಯವನು ಎಣ್ಣೆ ತೂಗುವ ಮುಂಚೆ ಖಾಲಿ ಡಬ್ಬದ ತೂಕ ಕಳೆಯುವುದಿಲ್ಲವೇ, ಹಾಗೆ ಮೊದಲು ಕೇಬಲ್ಲಿನ ಪಾಲನ್ನು ಕಳೆಯಬೇಕು. ಅದಕ್ಕೆಂದೇ ಇರುವ ಪುಟ್ಟ ಪುಟ್ಟ ಬಿಲ್ಲೆಗಳನ್ನು ಕೇಬಲ್ಲಿನ ತುದಿಗೆ ಒಂದಾದ ಮೇಲೊಂದು ಬಿಗಿದು, ಇಗೋ ನೋಡಿಕೋ ಎಂದು ಮೆಷಿನ್ನಿಗೆ ತೋರಿಸಬೇಕು. ಕ್ಯಾಲಿಬ್ರೇಷನ್ ಅಂದರೆ ಇಷ್ಟೇ. ಚಿಕ್ಕಪ್ಪ ಅದರಲ್ಲಿ ಎತ್ತಿದ ಕೈ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವರು.

ಗುಬ್ಬಿಗೆ ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಅವರ ಮಾತಿನ ಮೇಲೆ. ಅವಳ ಅಪ್ಪ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಅಂದಿನಿಂದ ಜುಟ್ಟು ಕಟ್ಟಿದ್ದು ಚಿಕ್ಕಮ್ಮ, ಪಾಠ ಹೇಳಿದ್ದು ಚಿಕ್ಕಪ್ಪ. ಈಗಲೂ ಅದೇ ಮನೆ, ಅದೇ ಹಿಂದಿನ ಕೋಣೆ. ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು, ಖಾಯಂ ಪತ್ರ ಇನ್ನೂ ಬಂದಿರಲಿಲ್ಲ. ಮೆಷಿನ್ನನ್ನು ದೂರದಿಂದ ನಡೆಸುವ ಒಂದು ಪ್ರೋಗ್ರಾಮ್ ಬರೆದು ತೋರಿಸು, ಸೋಮವಾರ ಡೈರೆಕ್ಟರ್ ಬರುತ್ತಾರೆ, ಪತ್ರದ ಮಾತು ಆಮೇಲೆ ಎಂದು ಮ್ಯಾನೇಜರ್ ಹೇಳಿದ್ದ.

ಸೋಮವಾರಕ್ಕೆ ಮುಂಚಿನ ಶುಕ್ರವಾರವೇ ಎಲ್ಲ ಎಡವಟ್ಟೂ ಆದದ್ದು.

ಅಂದು ಬೆಳಿಗ್ಗೆ ಚಿಕ್ಕಪ್ಪ ಕತ್ತು ಮುರಿದಿದ್ದ ಹಳೆಯ ಕೇಬಲ್ ಕಿತ್ತು ಹೊಸದು ಹಾಕಿದರು. ಹೊಸ ಕೇಬಲ್ಲಿಗೆ ಹೊಸದಾಗಿ ಕ್ಯಾಲಿಬ್ರೇಷನ್ ಮಾಡಿದರು. ತಮ್ಮ ಪುಸ್ತಕದಲ್ಲಿ ಬರೆದು, ರಟ್ಟು ತೂಗುಹಾಕಿ, ಊಟಕ್ಕೆ ಮನೆಗೆ ಹೋದರು. ಮಧ್ಯಾಹ್ನದ ಮೇಲೆ ನೂರಿಪ್ಪತ್ತು ಫಿಲ್ಟರ್ ಅಳೆಯುವುದಿತ್ತು. ಅವರ ಕೆಲಸ ಪೂರ್ತಿ ಮುಗಿದು, ಅವರು ‘ತಗೊಳ್ಳಮ್ಮ’ ಎಂದ ಮೇಲೆಯೇ ಮೆಷಿನ್ ಗುಬ್ಬಿಯದು ಎಂದು ಇಬ್ಬರಿಗೂ ಒಪ್ಪಂದ. ಆದರೆ ಸೋಮವಾರ ಮೈಮೇಲೆ ಬರುತ್ತಿತ್ತು. ಕೆಳಗೆ ಯಾರೂ ಇಲ್ಲ, ಐದೇ ನಿಮಿಷ, ಏನಾದೀತು ಎಂದುಕೊಂಡಳು. ಮೇಲಿನಿಂದಲೇ ಒಂದು ಸಲ ಪ್ರೋಗ್ರಾಮ್ ಓಡಿಸಿದಳು.

ಮೆಷಿನ್ ಹೇಗಿತ್ತೋ ಹಾಗೆ ನೆನಪಿಟ್ಟುಕೊಳ್ಳಲು ಒಂದು ಸಾಲು, ಕೊನೆಗೆ ಹಾಗೆಯೇ ವಾಪಸ್ ಇಡಲು ಇನ್ನೊಂದು ಸಾಲು ಬರೆದಿದ್ದಳು. ಮೊದಲನೆಯದು ಸರಿಯಿತ್ತು. ಎರಡನೆಯದರಲ್ಲಿ ಹಿಂದಿನ ಸಂಜೆ ಪರೀಕ್ಷೆಗೆಂದು ಹಾಕಿದ್ದ ಫೈಲಿನ ಹೆಸರು ಹಾಗೇ ಉಳಿದುಬಿಟ್ಟಿತ್ತು. ಅದು ಗುರುವಾರದ ಫೈಲು, ಹಳೆಯ ಕೇಬಲ್ಲಿನ ಲೆಕ್ಕ. ಚಿಕ್ಕಪ್ಪ ಬೆಳಿಗ್ಗೆಯೆಲ್ಲ ಬೆನ್ನು ಬಗ್ಗಿಸಿ ಮಾಡಿದ್ದು ಹೋಗಿ ಅದರ ಜಾಗದಲ್ಲಿ ಇದು ಬಂದು ಕೂತಿತು. ದೂರದಿಂದ ನಡೆಸುವಾಗ ಮೆಷಿನ್ನಿನ ಗುಂಡಿಗಳು ಒತ್ತಿದರೂ ಕೆಲಸ ಮಾಡುವುದಿಲ್ಲ, ಪರದೆಯ ಮೂಲೆಯಲ್ಲಿ ‘ರಿಮೋಟ್’ ಎಂದು ಕಾಣುತ್ತದೆ. ಗುಬ್ಬಿ ಬಲು ಶಿಸ್ತಿನವಳು ನೋಡಿ, ಆಟ ಮುಗಿದ ಮೇಲೆ ಅದನ್ನೂ ಬಿಡಿಸಿಯೇ ಎದ್ದಳು. ಚಿಕ್ಕಪ್ಪ ಊಟ ಮುಗಿಸಿ ಬಂದಾಗ ರಟ್ಟು ತೂಗುತ್ತಿತ್ತು, ಗುಂಡಿಗಳು ಹೇಳಿದ ಮಾತು ಕೇಳುತ್ತಿದ್ದವು, ಕ್ಯಾಲಿಬ್ರೇಷನ್ ಜಾರಿಯಲ್ಲಿದೆ ಎಂದು ಪರದೆ ಹೇಳುತ್ತಿತ್ತು. ಯಾವ ದಿನದ್ದು ಎಂದು ಒಳಗೆ ಹೊಕ್ಕು ನೋಡಲು ಅವರಿಗೇನು ಹುಚ್ಚೇ. ಸಂಜೆಯವರೆಗೆ ನೂರಿಪ್ಪತ್ತನ್ನೂ ಅಳೆದರು. ಹಳೆಯ ಕೇಬಲ್ ಹೆಚ್ಚು ನುಂಗುತ್ತಿತ್ತು. ಆ ಲೆಕ್ಕವನ್ನು ಹೊಸ ಕೇಬಲ್ಲಿಗೆ ಕಳೆದದ್ದರಿಂದ ಕೆಟ್ಟ ಫಿಲ್ಟರುಗಳೂ ಒಳ್ಳೆಯವಾಗಿ ಕಂಡವು.

ಸೋಮವಾರ ಬೆಳಿಗ್ಗೆ ಪ್ರೋಗ್ರಾಮನ್ನು ಇನ್ನೊಮ್ಮೆ ಓದುವಾಗ ಆ ಸಾಲು ಗುಬ್ಬಿಯ ಕಣ್ಣಿಗೆ ಬಿತ್ತು. ಫೈಲಿನ ಹೆಸರು ತಿದ್ದಿದಳು. ಶುಕ್ರವಾರ ಚಿಕ್ಕಪ್ಪ ಮತ್ತೆ ನೋಡಿಕೊಂಡಿರುತ್ತಾರೆ, ಅವರು ಹಾಗೆಲ್ಲ ಬಿಡುವವರಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಫಿಲ್ಟರುಗಳು ಇನ್ನೂ ಪ್ಯಾಕಿಂಗಿನಲ್ಲೇ ಇದ್ದವು. ಕೆಳಗಿಳಿದು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹನ್ನೊಂದಕ್ಕೆ ಡೈರೆಕ್ಟರ್ ಬಂದರು, ಪ್ರೋಗ್ರಾಮ್ ಬೆಣ್ಣೆಯಂತೆ ಓಡಿತು, ಮ್ಯಾನೇಜರ್ ಎಲ್ಲರೆದುರು ಅವಳ ಬೆನ್ನು ತಟ್ಟಿದ. ಬೆನ್ನು ತಟ್ಟಿಸಿಕೊಂಡ ಮೇಲೆ ಕೆಳಗಿಳಿಯುವುದು ಕಷ್ಟ.

ಹನ್ನೆರಡು ದಿನದ ಮೇಲೆ ಪೆಟ್ಟಿಗೆ ವಾಪಸ್ ಬಂತು. ನೂರಿಪ್ಪತ್ತರಲ್ಲಿ ನಲವತ್ತೊಂದು ಕೆಟ್ಟವು ಎಂದು ಗಿರಾಕಿಗಳು ಚೀಟಿ ಅಂಟಿಸಿ ಕಳಿಸಿದ್ದರು. ಮ್ಯಾನೇಜರ್ ಚಿಕ್ಕಪ್ಪನನ್ನೂ ಗುಬ್ಬಿಯನ್ನೂ ಕೋಣೆಗೆ ಕರೆದ. ಪ್ರತಿ ಅಳತೆಯ ಫೈಲಿನ ತಲೆಯಲ್ಲೂ ಯಾವ ದಿನದ ಕ್ಯಾಲಿಬ್ರೇಷನ್ ಎಂದು ಮೆಷಿನ್ ತಾನಾಗಿಯೇ ಬರೆಯುತ್ತದೆ. ಅದನ್ನು ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿದ್ದ.

“ಶುಕ್ರವಾರ ಕೇಬಲ್ ಬದಲಾಯಿಸಿದ್ರಿ. ಕ್ಯಾಲಿಬ್ರೇಷನ್ ಗುರುವಾರದ್ದು. ಹೊಸದು ಮಾಡೋದು ಮರೆತ್ರಾ?” ಎಂದ.

“ಮಾಡಿದ್ದೀನಿ ಸರ್. ಪುಸ್ತಕದಲ್ಲಿ ಬರೆದಿದ್ದೀನಿ ನೋಡಿ,” ಎಂದರು ಚಿಕ್ಕಪ್ಪ.

“ಬರೆದಿದ್ದೀರಿ. ಮಾಡಿಲ್ಲ. ಮೆಷಿನ್ ಸುಳ್ಳು ಹೇಳುತ್ತಾ?”

ಚಿಕ್ಕಪ್ಪ ಹಾಳೆಯನ್ನು ಎತ್ತಿಕೊಂಡು ದಿನಾಂಕ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. “ಮಾಡಿದ ಹಾಗೆ ನೆನಪಿದೆಯಲ್ಲ,” ಎಂದರು ಮೆಲ್ಲಗೆ. ಮ್ಯಾನೇಜರನಿಗೆ ಹೇಳಿದ್ದಲ್ಲ ಅದು, ತಮಗೆ ತಾವೇ ಕೇಳಿಕೊಂಡದ್ದು.

ಆ ಗಳಿಗೆಯಲ್ಲಿ ಗುಬ್ಬಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಖಾಯಂ ಪತ್ರ ಮ್ಯಾನೇಜರನ ಡ್ರಾಯರಿನಲ್ಲಿ ಸಹಿಗೆ ಕಾಯುತ್ತಿತ್ತು. ಇವತ್ತು ಬೇಡ, ಸಹಿ ಆಗಲಿ, ಆಮೇಲೆ ಚಿಕ್ಕಪ್ಪನಿಗೆ ಒಬ್ಬರಿಗೇ ಹೇಳಿದರಾಯಿತು, ಅವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ ಎಂದುಕೊಂಡಳು. ಮೇಲೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ, ಯಾವ ಹೊತ್ತಿಗೆ ಮೆಷಿನ್ನಿಗೆ ಏನು ಹೇಳಿದಳೆಂದು ಅವಳ ಕಂಪ್ಯೂಟರ್ ಇಟ್ಟುಕೊಂಡಿದ್ದ ದಾಖಲೆಯನ್ನು ಅಳಿಸಿದ್ದು.

ಮರುದಿನದಿಂದ ಚಿಕ್ಕಪ್ಪನನ್ನು ಪ್ಯಾಕಿಂಗಿಗೆ ಹಾಕಿದರು. ಮೆಷಿನ್ ಗುಬ್ಬಿಯ ಪಾಲಿಗೆ ಬಂತು. ಪತ್ರಕ್ಕೂ ಸಹಿ ಬಿತ್ತು.

ಪ್ಯಾಕಿಂಗ್ ಅಂತ ಚಿಕ್ಕಪ್ಪ ಕೊರಗಿದ್ದರೆ ಗುಬ್ಬಿ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಅವರಿಗೆ ಹತ್ತಿದ ಭಯವೇ ಬೇರೆ. ಅವರ ಅಪ್ಪ, ಅಂದರೆ ಗುಬ್ಬಿಯ ತಾತ, ಅರವತ್ತಕ್ಕೇ ಮರೆವು ಹತ್ತಿ ಹೋದವರು. ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಜಗಳಕ್ಕೆ ನಿಲ್ಲುವುದರಿಂದ ಅವರಿಗೆ ಶುರುವಾಗಿತ್ತು. ಕೊನೆಗೆ ಮಗನನ್ನೇ ನೋಡಿ, ತಾವು ಯಾರು, ಕೂತುಕೊಳ್ಳಿ ಎನ್ನುತ್ತಿದ್ದರು. ಚಿಕ್ಕಪ್ಪನಿಗೆ ಈಗ ಐವತ್ತೇಳು.

“ಅಪ್ಪನಿಗೂ ಹೀಗೇ ಆಗಿದ್ದು,” ಎಂದು ಚಿಕ್ಕಮ್ಮನ ಹತ್ತಿರ ಹೇಳಿದರಂತೆ. “ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗೆ ಇದೆ ಕಣೆ. ಒಂದೊಂದು ಬಿಲ್ಲೆ ಬಿಗಿದದ್ದೂ ನೆನಪಿದೆ. ಆದರೆ ಅದು ನಡೆದೇ ಇಲ್ಲ.”

ಚಿಕ್ಕಮ್ಮ ಬಾಯಿ ಜೋರಿನವರು. ಗಂಡ ಕೊಡೆ ಮರೆತು ಬಂದರೆ, ತಲೆ ಭುಜಕ್ಕೆ ಅಂಟಿಕೊಂಡಿದೆ, ಇಲ್ಲದಿದ್ದರೆ ಅದನ್ನೂ ಬಿಟ್ಟು ಬರುತ್ತಿದ್ದರು ಎಂದು ಆಡಿಕೊಳ್ಳುತ್ತಿದ್ದವರು. ಈಗ ಆ ಮಾತು ನಿಂತೇಹೋಯಿತು. ಒಂದು ಸಂಜೆ ಗುಬ್ಬಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ನೀನು ಅಲ್ಲೇ ಇರ್ತೀಯಲ್ಲ, ಅವರ ಮೇಲೆ ಒಂದು ಕಣ್ಣಿಡಮ್ಮ. ಏನೇನು ಮರೀತಾರೆ ಅಂತ ದಿನಾ ನಂಗೆ ಹೇಳು,” ಎಂದು ಅತ್ತರು. ಗುಬ್ಬಿ ಆಗಲಿ ಎಂದಳು. ಅವರ ಕಣ್ಣೂ ಒರೆಸಿದಳು.

ಆಸ್ಪತ್ರೆಗೆ ಜೊತೆಗೆ ಹೋದವಳೂ ಅವಳೇ. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಮಾತು ನಯ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಚಿಕ್ಕಪ್ಪ ಶಾಲೆಯ ಮಗುವಿನಂತೆ ನೆಟ್ಟಗೆ ಕೂತು, “ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು,” ಎಂದು ಹೇಳಿ, ಅಲ್ಲಿಗೆ ನಿಂತರು. ದಿನವಿಡೀ ದಶಾಂಶಗಳಲ್ಲಿ ಮುಳುಗಿ ಏಳುತ್ತಿದ್ದ ಮನುಷ್ಯ. ಹಣೆಯ ಮೇಲೆ ಬೆವರು. ಅದು ಮರೆವಲ್ಲ, ಹೆದರಿಕೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಗುಬ್ಬಿ ಒಬ್ಬಳಿಗೇ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಡಾಕ್ಟರೆದುರು ಹೇಗೆ ಹೇಳುವುದು, ಹೊರಗೆ ಹೋದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಹೊರಗೆ ಹೋದ ಮೇಲೆ ಆಟೋ ಹುಡುಕಿದಳು. “ಈಗಲೇ ಏನೂ ಹೇಳಕ್ಕಾಗಲ್ಲ, ಮೂರು ತಿಂಗಳು ಬಿಟ್ಟು ಬನ್ನಿ,” ಎಂದಿದ್ದರು ಡಾಕ್ಟರು. ಚಿಕ್ಕಪ್ಪ ಅದನ್ನು ತೀರ್ಪು ಎಂದೇ ತಿಳಿದರು. ಅಂದಿನಿಂದ ಸ್ಕೂಟರ್ ಮುಟ್ಟಲಿಲ್ಲ. ಗ್ಯಾಸ್ ಆರಿಸಿದೆಯಾ ಎಂದು ಚಿಕ್ಕಮ್ಮನನ್ನು ಕೇಳುತ್ತಿದ್ದವರು, ತಾವೇ ಆರಿಸಿದೆನಾ ಎಂದು ಕೇಳತೊಡಗಿದರು.

ಹೀಗೆ ಐದು ವಾರ. ಹೇಳಬೇಕು ಹೇಳಬೇಕು ಎಂದು ದಿನಾ ಏಳುವಳು, ಹೇಳದೆ ಮಲಗುವಳು. ಮೊದಲ ದಿನ ಹೇಳಿದ್ದರೆ ಒಂದೇ ತಪ್ಪು ಒಪ್ಪಿಕೊಂಡರೆ ಸಾಕಿತ್ತು. ಈಗ ಸುಮ್ಮನಿದ್ದ ಒಂದೊಂದು ದಿನವೂ ಅದರ ಮೇಲೆ ಹೇರಿಕೊಂಡಿತ್ತು. ಅಲ್ಲ, ಇಷ್ಟು ಓದಿದ ಹುಡುಗಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿದಿತ್ತು. ತಿಳಿದದ್ದರಿಂದಲೇ ಅವಳಿಗೆ ತನ್ನ ಮುಖ ಕನ್ನಡಿಯಲ್ಲಿ ನೋಡಲು ಹೇಸಿಗೆಯಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಕರೆಂಟ್ ಬಿಲ್ಲು ಹುಡುಕುತ್ತ ಗುಬ್ಬಿ, ಚಿಕ್ಕಪ್ಪ ಟೆಸ್ಟ್ ರೂಮಿನಿಂದ ಮನೆಗೆ ತಂದಿಟ್ಟಿದ್ದ ಪುಸ್ತಕ ತೆರೆದಳು. ಒಳಗೆ ಮಡಚಿದ ಹಾಳೆಯೊಂದಿತ್ತು. ಅವರ ದುಂಡು ಅಕ್ಷರದಲ್ಲಿ ಮನೆಯ ವಿಳಾಸ. ಅದರ ಕೆಳಗೆ ಹೆಂಡತಿಯ ಹೆಸರು, ಮದುವೆಯಾದ ವರ್ಷ. ತಂಗಿಯ ಫೋನ್ ನಂಬರು. ಆಮೇಲೆ, ‘ಗುಬ್ಬಿ. ಅಣ್ಣನ ಮಗಳು. ನಮ್ಮ ಜೊತೆಯೇ ಇರುತ್ತಾಳೆ. ಇವಳು ಹೇಳಿದ್ದನ್ನು ನಂಬಬಹುದು.’ ಮುಂದೊಂದು ದಿನ ಎಲ್ಲ ಮರೆತುಹೋದಾಗ ಓದಿಕೊಳ್ಳಲು ತಮಗೆ ತಾವೇ ಬರೆದಿಟ್ಟುಕೊಂಡದ್ದು.

ಗುಬ್ಬಿ ಹಾಳೆಯನ್ನು ಇದ್ದಂತೆಯೇ ಮಡಚಿ ಒಳಗಿಟ್ಟಳು. ಆಮೇಲೆ ಎದ್ದು, ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಚಿಕ್ಕಪ್ಪನ ಮುಂದೆ ಹೋಗಿ ನಿಂತು, ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಶುಕ್ರವಾರ, ಪ್ರೋಗ್ರಾಮ್, ಗುರುವಾರದ ಫೈಲು, ಅಳಿಸಿದ ದಾಖಲೆ. ಚಿಕ್ಕಪ್ಪ ಕೈಯಲ್ಲಿದ್ದ ಅಂಗಿ ಕೊಡವಿ ತಂತಿಗೆ ಹಾಕಿದರು. ಅವಳ ತಲೆ ಸವರಿದರು.

“ಚಿಕ್ಕಮ್ಮ ಹೇಳಿಕೊಟ್ಟಳಾ?” ಎಂದರು.

“ಯಾರೂ ಹೇಳಿಕೊಟ್ಟಿಲ್ಲ ಚಿಕ್ಕಪ್ಪ. ನಾನೇ ಮಾಡಿದ್ದು.”

“ನನ್ನ ಮನಸ್ಸಿಗೆ ಸಮಾಧಾನ ಆಗಲಿ ಅಂತ ನಿನ್ನ ಮೇಲೆ ಹಾಕ್ಕೊಳ್ತಿದ್ದೀಯ. ಬೇಡಮ್ಮ. ಮ್ಯಾನೇಜರ್ ಕಿವಿಗೆ ಬಿದ್ದರೆ ನಿನ್ನ ಕೆಲಸ ಹೋಗುತ್ತೆ.”

“ನಿಜ ಚಿಕ್ಕಪ್ಪ, ನನ್ನಾಣೆ.”

“ಹಾಗೆಲ್ಲ ಆಣೆ ಹಾಕಬಾರದು,” ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ತೋರಿಸಲು ಅವಳ ಕೈಯಲ್ಲಿ ಒಂದು ಸಾಲು ಪುರಾವೆಯೂ ಇರಲಿಲ್ಲ. ಶುಕ್ರವಾರ ಪ್ರೋಗ್ರಾಮ್ ನೆನಪಿಟ್ಟುಕೊಂಡದ್ದರ ಮೇಲೆ ಸೋಮವಾರದ್ದು ಬರೆದುಕೊಂಡಿತ್ತು, ದಾಖಲೆಯನ್ನು ತಾನೇ ಅಳಿಸಿದ್ದಳು.

ಸೋಮವಾರ ಎಂಟು ಗಂಟೆಗೆ, ಬೇರೆ ಯಾರೂ ಬರುವ ಮುಂಚೆ, ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಟೆಸ್ಟ್ ರೂಮಿಗೆ ಹೋದಳು. ತಿದ್ದುವ ಮುಂಚಿನ ಪ್ರೋಗ್ರಾಮ್ ಒಂದು ಹಳೆಯ ಫೋಲ್ಡರಿನಲ್ಲಿ ಉಳಿದಿತ್ತು. “ಒಂದು ಸಲ ಕ್ಯಾಲಿಬ್ರೇಷನ್ ಮಾಡಿ. ನಂಗೋಸ್ಕರ,” ಎಂದಳು. ಅವರು ಒಲ್ಲದ ಮನಸ್ಸಿನಿಂದ ಮಾಡಿದರು. ಯಾವ ದಿನದ್ದು ಎಂದು ತೋರಿಸುವ ಪುಟ ತೆರೆದಿಟ್ಟಳು. ಇವತ್ತಿನ ದಿನಾಂಕವಿತ್ತು. “ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಏನೂ ಮುಟ್ಟಬೇಡಿ,” ಎಂದು ಹೇಳಿ, ಮೆಟ್ಟಿಲು ಹತ್ತಿ ಮೇಲೆ ಓಡಿದಳು. ಅಲ್ಲಿಂದ ಟೆಸ್ಟ್ ರೂಮಿನ ಫೋನಿಗೆ ಕರೆ ಮಾಡಿ, ಪ್ರೋಗ್ರಾಮ್ ಓಡಿಸಿದಳು.

“ಪರದೆ ಮಿನುಗ್ತಿದೆ,” ಎಂದರು ಚಿಕ್ಕಪ್ಪ ಫೋನಿನಲ್ಲಿ. “ರಿಮೋಟ್ ಅಂತ ಬಂತು.” ಸ್ವಲ್ಪ ಹೊತ್ತು ಬಿಟ್ಟು, “ಹೋಯ್ತು.”

“ಈಗ ದಿನಾಂಕ ನೋಡಿ.”

“ಆ ಗುರುವಾರದ್ದು,” ಎಂದರು ಚಿಕ್ಕಪ್ಪ. ಫೋನ್ ಇಟ್ಟ ಸದ್ದಾಯಿತು.

ಗುಬ್ಬಿ ಕೆಳಗೆ ಬಂದಾಗ ಚಿಕ್ಕಪ್ಪ ಕನ್ನಡಕ ತೆಗೆದು ಮುಖ ಮುಚ್ಚಿಕೊಂಡು ಕೂತಿದ್ದರು. ಅಳುತ್ತಿದ್ದಾರೆಂದು ಅವಳು ತಿಳಿದಳು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದರು. ಐದು ವಾರದಿಂದ ಅವಳು ಕಾಣದ ನಗು.

“ಹಾಗಾದರೆ ನಾನು ಮಾಡಿದ್ದೆ,” ಎಂದರು. “ಬಿಲ್ಲೆ ಬಿಗಿದದ್ದೆಲ್ಲ ನಿಜ. ನಂಗೇನೂ ಆಗಿಲ್ಲ.”

“ಏನೂ ಆಗಿಲ್ಲ ಚಿಕ್ಕಪ್ಪ.”

ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಬರುವಷ್ಟರಲ್ಲಿ ನಗು ಇಳಿದಿತ್ತು. ಯಾವುದೋ ಲೆಕ್ಕ ಹಿಂದಿನಿಂದ ಹಾಕಿಕೊಂಡು ಬರುತ್ತಿರುವವರಂತೆ ಹುಬ್ಬು ಗಂಟಿಕ್ಕಿದ್ದರು.

“ಆಸ್ಪತ್ರೆಗೆ ಬಂದಿದ್ದೆಯಲ್ಲ. ಆಗ ನಿಂಗೆ ಗೊತ್ತಿತ್ತಾ?”

ಸುಳ್ಳು ಹೇಳುವುದಕ್ಕೆ ಅವಳಿಗೆ ಇನ್ನು ಶಕ್ತಿ ಇರಲಿಲ್ಲ. “ಗೊತ್ತಿತ್ತು,” ಎಂದಳು.

“ನನ್ನ ಪಕ್ಕದಲ್ಲೇ ಕೂತಿದ್ದೆ.”

“ಹೂಂ.”

ಬೈಯಲಿಲ್ಲ. ಬೈದಿದ್ದರೆ ಗುಬ್ಬಿ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದಳು. “ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳು. ನೀನೇ ಹೇಳು,” ಎಂದಷ್ಟೇ ಹೇಳಿ ಪ್ಯಾಕಿಂಗಿಗೆ ಹೋದರು.

ಅವಳು ಮೊದಲು ಮ್ಯಾನೇಜರನಿಗೆ ಹೇಳಿದಳು. ಬರೆದೂ ಕೊಟ್ಟಳು. ಆಮೇಲೆ ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳಿದಳು. ಚಿಕ್ಕಮ್ಮ ಪೂರ್ತಿ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ಸಂಜೆಯವರೆಗೆ ತೆರೆಯಲಿಲ್ಲ. ಮ್ಯಾನೇಜರ್ ಅವಳ ಖಾಯಂ ಪತ್ರ ವಾಪಸ್ ತೆಗೆದುಕೊಂಡು, ಇನ್ನೊಂದು ವರ್ಷ ನೋಡೋಣ ಎಂದ. ಚಿಕ್ಕಪ್ಪನಿಗೆ ಟೆಸ್ಟ್ ರೂಮ್ ಮತ್ತೆ ಸಿಕ್ಕಿತು. ಅವರ ಕೈಕೆಳಗೆ ಗುಬ್ಬಿ.

ಬುಧವಾರ ಬೆಳಿಗ್ಗೆ ಇಬ್ಬರೂ ಮೆಷಿನ್ನಿನ ಮುಂದೆ ಕೂತಿದ್ದರು. ಚಿಕ್ಕಪ್ಪ ಮೊದಲ ಬಿಲ್ಲೆ ಬಿಗಿದರು, ಗುಂಡಿ ಒತ್ತಿದರು. ಎರಡನೆಯದು ಬಿಗಿದರು, ಒತ್ತಿದರು. ಮೂರನೆಯದಕ್ಕೆ ಬಂದಾಗ ಕೈ ಗಾಳಿಯಲ್ಲಿ ನಿಂತಿತು. ಟ್ರೇ ನೋಡಿದರು, ಪರದೆ ನೋಡಿದರು, ಮತ್ತೆ ಟ್ರೇ ನೋಡಿದರು. ಹಣೆಯ ಮೇಲೆ ಸಣ್ಣಗೆ ಬೆವರೊಡೆಯಿತು.

“ಎರಡನೇದು ಮಾಡಿದ್ನಾ?” ಎಂದು ಕೇಳಿದರು.

“ಮಾಡಿದ್ರಿ ಚಿಕ್ಕಪ್ಪ. ನಾನೇ ನೋಡಿದೆ.”

ಚಿಕ್ಕಪ್ಪ ಅವಳ ಕಡೆ ತಿರುಗಿದರು. ಕೋಪವಿಲ್ಲದ ಕಣ್ಣು. ಆಮೇಲೆ ಎಲ್ಲವನ್ನೂ ಬಿಚ್ಚಿ, ಮೊದಲನೆಯದರಿಂದ ಶುರು ಮಾಡಿದರು.